ಮೊದಲು ಸಾಯುವವನು

ನಮ್ಮ ನಾಲ್ವರಲ್ಲಿ ಮೊದಲು ಸಾಯುವವನು ನಾನೇ.
ಕೊಚ್ಚಿಕೊಳ್ಳುವ ಮಾತಲ್ಲ ಇದು, ಲೆಕ್ಕ:
ಕಳೆದ ಇಪ್ಪತ್ತು ಆಟದಲ್ಲಿ ಹದಿನೇಳು ಸಲ.

ತಪ್ಪು ಹೆಬ್ಬೆರಳಿನದು.
ಹನ್ನೊಂದು ವರ್ಷ ಬಾಷಾನಗರದ ಮಂಡಕ್ಕಿ ಭಟ್ಟಿಯ ಮುಂದೆ
ಕಾದ ಮರಳಿಗೆ ಉಪ್ಪುನೀರುಂಡ ಅಕ್ಕಿ ಸುರಿದು, ಜರಡಿ ಹಿಡಿದು
ತುದಿಯ ಚರ್ಮ ಜಡ್ಡುಗಟ್ಟಿದೆ.
ನಾನು ಒತ್ತುತ್ತೇನೆ, ಗಾಜಿಗೆ ಗೊತ್ತಾಗುವುದಿಲ್ಲ.
ಸಿಮ್ ಕೊಳ್ಳಲು ಹೋದಾಗಲೂ ಹೀಗೇ ಆಯಿತು:
ಅಂಗಡಿಯ ಹುಡುಗ ಒರೆಸಿ ಒರೆಸಿ ನಾಲ್ಕು ಸಲ ಇಡಿಸಿ
'ಅಣ್ಣಾ, ನಿಮ್ಮ ಬೆರಳೇ ಬರ್ತಿಲ್ಲ' ಅಂದ.
ಬಾರದ ಬೆರಳನ್ನು ನಾಲಿಗೆಗೆ ತಾಗಿಸಿ
ಮತ್ತೆ ಒತ್ತುವಷ್ಟರಲ್ಲಿ
ಎದುರು ಮಾಳಿಗೆಯಿಂದ ಗುಂಡು ಬಂದಿರುತ್ತದೆ.

ಗೋಡೆಯ ಕಡೆ ತಿರುಗಿಕೊಂಡೇ ಮೆಹರುನ್ನೀಸಾ ಕೇಳುತ್ತಾಳೆ:
'ಏನೈತಿ ಅಂಥಾದ್ದು ಅದ್ರಾಗ?'
ಉತ್ತರ ಹುಡುಕಿದ್ದೇನೆ, ಸುಳ್ಳಲ್ಲ.
ಗೆಲುವು ಅನ್ನೋಣವೆಂದರೆ, ಲೆಕ್ಕ ಹೇಳಿದೆನಲ್ಲ.
ಅಂಕ ಅನ್ನೋಣವೆಂದರೆ, ಎರಡು ತಿಂಗಳಿಗೊಮ್ಮೆ
ಕರಿಹಲಗೆ ಒರೆಸಿದ ಹಾಗೆ ಎಲ್ಲರದೂ ಅಳಿಸುತ್ತಾರೆ.
ಒಂದು ಕೆಂಪು ಕೋಟು ಕೊಂಡಿದ್ದು ನಿಜ,
ಎಂಬತ್ತೊಂಬತ್ತು ರೂಪಾಯಿ, ಅದು ಅವಳಿಗೆ ಗೊತ್ತಿಲ್ಲ.
ಕೆಂಪು ಕೋಟಿನವನು ಹುಲ್ಲಿನಲ್ಲಿ ಬೇಗ ಕಾಣುತ್ತಾನೆ
ಎಂಬುದು ನನಗೂ ಗೊತ್ತಿರಲಿಲ್ಲ.

ಬಿದ್ದ ಮೇಲೆ ಒಂದು ನಿಮಿಷ ಕೊಡುತ್ತಾರೆ.
ತೆವಳಬಹುದು, ಬಂದೂಕು ಎತ್ತುವ ಹಾಗಿಲ್ಲ,
ಕೆಳಗಿನ ಕೆಂಪು ಗೆರೆ ಸಣ್ಣಗಾಗುತ್ತ ಹೋಗುತ್ತದೆ.
ಆಗ ಚಳ್ಳಕೆರೆಯ ಎಣ್ಣೆ ಮಿಲ್ಲಿನ ರಾತ್ರಿಪಾಳಿಯಿಂದ,
ಹಿಂದೆ ಯಂತ್ರ ಗುಂಯ್‌ಗುಡುತ್ತಿರುವಾಗಲೇ, ತಿಪ್ಪೇಶಿ
'ತಡಿಯಲೇ ಭಟ್ಟಿ, ಬಂದೆ' ಅನ್ನುತ್ತಾನೆ.
(ಭಟ್ಟಿ ನನ್ನ ಹೆಸರಲ್ಲ, ಅಲ್ಲಿ ಬರೆದುಕೊಂಡದ್ದು.)
ಬರುತ್ತಾನೆ ಕೂಡ.
ಬಂದು ತಾನೂ ಸಾಯುತ್ತಾನೆ, ಅದು ಬೇರೆ ಮಾತು.

ಸತ್ತವನಿಗೆ ಹೊರಗೆ ಹೋಗಲು ಒಂದು ಗುಂಡಿ ಇದೆ.
ಒತ್ತುವುದಿಲ್ಲ.
ಉಳಿದವರ ಬೆನ್ನ ಹಿಂದೆ ಕೂತು ನೋಡುತ್ತೇನೆ.
ಕೊಟ್ರೇಶ ಓಡುವಾಗ ಎಡಕ್ಕೆ ನೋಡುವುದೇ ಇಲ್ಲ.
ಇನ್ನೊಬ್ಬರು ಹೆಸರಿನ ಜಾಗದಲ್ಲಿ ಮೂರು ಚುಕ್ಕೆ ಇಟ್ಟವರು,
ಹೆಣ್ಣೋ ಗಂಡೋ, ಯಾವ ಊರೋ,
ಒಂದು ದಿನವೂ ಮೈಕು ತೆರೆದವರಲ್ಲ.
ಆ ಜೀವ ಮನೆಯೊಳಗೆ ಹೊಕ್ಕು ಹೊರಬಿದ್ದ ಮೇಲೆ
ಬಾಗಿಲು ಮುಚ್ಚಿ ಬರುತ್ತದೆ.
ಯಾರೂ ಇಲ್ಲದ ಮನೆ.
ಮುಚ್ಚದಿದ್ದರೆ ನಾಯಿಯೂ ಒಳಗೆ ಬಾರದ ಊರು.
ಗುಂಡು ಹಾರುತ್ತಿದ್ದರೂ
ಮರೆತದ್ದು ನೆನಪಾಗಿ ತಿರುಗಿ ಹೋಗಿ
ಮುಚ್ಚಿ ಬರುತ್ತದೆ.
ಇದನ್ನು ಮೆಹರುನ್ನೀಸಾಗೆ ಹೇಳಿದೆ.
'ಮಲಕ್ಕೋ' ಅಂದಳು.

ಮೊನ್ನೆ ಗುರುವಾರ ಏನಾಯಿತೋ, ಕೊನೆಗೆ ಉಳಿದವನು ನಾನು.
ಮೂವರೂ ಸತ್ತು ನನ್ನ ಬೆನ್ನ ಹಿಂದೆ.
ತಿಪ್ಪೇಶಿಯ ಮಿಲ್ಲು ಕೇಳುತ್ತಿತ್ತು, ಕೊಟ್ರೇಶನ ಫ್ಯಾನು ಕೇಳುತ್ತಿತ್ತು,
ಇಲ್ಲಿ ಹರಿಹರದ ಕಡೆಯ ಗೂಡ್ಸ್ ಗಾಡಿ ಗೇಟು ದಾಟುತ್ತ
ಎದುರಾಳಿಯ ಹೆಜ್ಜೆ ಸದ್ದನ್ನೆಲ್ಲ ನುಂಗಿ ಹಾಕಿತು.
ಹನ್ನೊಂದು ವರ್ಷದಲ್ಲಿ ನಾನು ಜರಡಿ ಹಿಡಿಯುವುದನ್ನು
ಇಷ್ಟು ಉಸಿರು ಬಿಗಿಹಿಡಿದು ಯಾರೂ ನೋಡಿಲ್ಲ.
ಹಳದಿ ಮನೆಯಿಂದ ಹೊರಬಿದ್ದೆ, ಹುಲ್ಲು ಇಪ್ಪತ್ತು ಹೆಜ್ಜೆ.
ಹತ್ತು ಹೆಜ್ಜೆ ಓಡಿದವನು
ತಿರುಗಿದೆ.
'ಎಲ್ಲಿಗಲೇ! ಎಲ್ಲಿಗಲೇ!' ತಿಪ್ಪೇಶಿ ಅರಚಿದ.
ಬಾಗಿಲಿಗೆ ಬೆರಳಿಟ್ಟೆ. ಗಾಜಿಗೆ ಗೊತ್ತಾಗಲಿಲ್ಲ.
ನಾಲಿಗೆಗೆ ತಾಗಿಸಿ ಮತ್ತೆ ಇಟ್ಟೆ.
ಬಾಗಿಲು ಮುಚ್ಚಿತು.
ಗುಂಡೂ ಬಂತು.

ಕೊಟ್ರೇಶ ನಗುತ್ತ ನಗುತ್ತ ಕೆಮ್ಮಿಗೆ ಬಿದ್ದ.
ತಿಪ್ಪೇಶಿ ಬೈದದ್ದನ್ನು ಇಲ್ಲಿ ಬರೆಯಲಾಗದು.
ಮೂರು ಚುಕ್ಕೆಯಿಂದ ಒಂದಕ್ಷರ ಬರಲಿಲ್ಲ,
ಆದರೆ ಹೊರಗೂ ಹೋಗಲಿಲ್ಲ.
'ಇನ್ನೊಂದು?' ಯಾರೋ ಕೇಳಿದರು.

ಗಂಟೆ ಒಂದೂ ನಲವತ್ತು. ನಾಲ್ಕಕ್ಕೆ ಒಲೆಗೆ ಹೊಟ್ಟು ಹಾಕಬೇಕು.
ಫೋನು ಹೆಂಚಿನಂತೆ ಕಾದಿತ್ತು,
ಎದ್ದು ಹೋಗಿ ನೀರಿನ ಗಡಿಗೆಗೆ ಒರಗಿಸಿಟ್ಟೆ.
ಅದು ತಣ್ಣಗಾಗುವವರೆಗೆ
ಕತ್ತಲ ಅಡುಗೆಮನೆಯಲ್ಲಿ ನಿಂತೇ ಇದ್ದೆ
ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು.